ಪರದೇಶದ ಕೂಸಿಗೆ ಇಟ್ಟ ದೃಷ್ಟಿಬೊಟ್ಟು

ಕಾಂಬೋಡಿಯಾಕ್ಕೆ ಹೋಗಿ ಬಂದೆ ಎಂದರೆ ರಾಯದುರ್ಗದ ನಮ್ಮ ಓಣಿಯವರು ಮೊದಲು ಕೇಳುವುದು ಅಲ್ಲಿನ ದೊಡ್ಡ ಗುಡಿಯ ಬಗ್ಗೆ. ನಾನು ಗುಡಿ ನೋಡಲಿಲ್ಲ. ನೋಡಿದ್ದು ಬಟ್ಟೆ ಫ್ಯಾಕ್ಟರಿಗಳ ಹಿಂದಿನ ಒಂದು ಇಕ್ಕಟ್ಟಾದ ಓಣಿ. ಈಗಲೂ ಅಡಿಗೆಮನೆಯಲ್ಲಿ ನಿಂತಾಗ, ಬಸ್ಸಿನಲ್ಲಿ ಕೂತಾಗ ಆ ಓಣಿ ಕಣ್ಣೆದುರು ಬಂದು ನಿಲ್ಲುತ್ತದೆ. ಅಲ್ಲಿ ಟುಕ್‌ಟುಕ್ ಎನ್ನುವ ಆಟೋದ ಕಂಬಿ ಹಿಡಿದು ಕೂತಿದ್ದ ನನ್ನ ಕೈ ಇಲ್ಲಿ ಬಸ್ಸಿನ ಕಂಬಿಯನ್ನೂ ಹಾಗೆಯೇ ಬಿಗಿಯಾಗಿ ಹಿಡಿಯುತ್ತದೆ. ಪಕ್ಕದವರು, "ಯಾಕವ, ತಲಿ ಸುತ್ತಾಕತ್ತೇತೇನು?" ಎಂದು ಕೇಳುತ್ತಾರೆ.

ಒಂದು ತರಬೇತಿಗೆಂದು ನಾವು ಹೋದದ್ದು ಇಬ್ಬರು. ನಾನು ಬಳ್ಳಾರಿಯಲ್ಲಿ ಬಿ.ಎ. ಮುಗಿಸಿ ಊರಿನ ಹುಡುಗ ಹುಡುಗಿಯರ ಜೊತೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಇದ್ದೇನೆ. ಜೊತೆಗೆ ಬಂದವಳು ಮಡಕಶಿರದ ಕಡೆಯ ಲಕ್ಷ್ಮಕ್ಕ. ಬೆಂಗಳೂರಿನ ಕಡೆ ಗಾರ್ಮೆಂಟ್ಸಿನಲ್ಲಿ ಬಹಳ ವರ್ಷ ದುಡಿದು, ಬೆನ್ನು ನೋವು ಹೆಚ್ಚಾಗಿ ಊರಿಗೆ ಮರಳಿದವಳು. ಈಗ ಅಗಳಿ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹುಡುಗಿಯರನ್ನು ಸೇರಿಸಿ ಹೊಲಿಗೆ ಕಲಿಸುತ್ತಾಳೆ. ಹೊಲಿಯುತ್ತಲೇ ಅವರ ಫೋನಿಗೆ ಏನೇನು ಬರುತ್ತದೆ ಎಂದು ಕೇಳಿ ಮಾತಿಗೆ ಎಳೆಯುತ್ತಾಳೆ. ಮೊಬೈಲಿನಲ್ಲಿ ಹರಡುವ ದ್ವೇಷದ ಮಾತನ್ನು ಎದುರಿಸುವುದು ಹೇಗೆ ಎಂದು ನಮ್ಮಂಥವರಿಗೆ ಕಲಿಸುವ ತರಬೇತಿ ಅದು. ಬಟ್ಟೆ ಹೊಲಿಯುವ ಊರುಗಳಿಂದಲೇ ಆರಿಸಿ ಕರೆದಿದ್ದರು. ಇಂಥ ಊರುಗಳಿಗೆ ಹೊರಗಿನ ಕೂಲಿಯವರು ಬರುತ್ತಾರೆ, ಹೊರಗಿನವರ ಮೇಲೆ ಮಾತು ಬೇಗ ಹುಟ್ಟುತ್ತದೆ. ನಮ್ಮ ಊರಿನಲ್ಲೂ ಜೀನ್ಸ್ ಹೊಲಿಯಲು ಉತ್ತರದಿಂದ ಬಂದಿದ್ದ ಒಬ್ಬ ಟೈಲರನ್ನು ಒಂದು ಸುಳ್ಳು ಮೆಸೇಜು ನಂಬಿ ಜನ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಬಡಿದಿದ್ದರು. ಆಗ ನಾನು ಪಕ್ಕದ ಬೇಕರಿಯೊಳಗೆ ನಿಂತು ನೋಡಿದ್ದೆ. ಬಡಿಸಿಕೊಳ್ಳುವವರು ಯಾವಾಗಲೂ ಬೇರೆಯವರೇ ಎಂದು ಅಂದುಕೊಂಡಿದ್ದೆ.

ನೋಮ್ ಪೆನ್: ಕೈ ಮುಗಿಯುವ ಎತ್ತರ

ಕಾಂಬೋಡಿಯಾದ ಆ ರಾಜಧಾನಿಯಲ್ಲಿ ಮೊದಲ ದಿನವೇ ಲಕ್ಷ್ಮಕ್ಕ ಎಲ್ಲರನ್ನೂ ನಗಿಸಿದಳು. ನಮಗೆ ಪಾಠ ಹೇಳಲಿದ್ದ ಸೋಫೀಪ್ ಎಂಬ ಹುಡುಗಿ ಬಾಗಿಲಲ್ಲಿ ಕೈ ಮುಗಿದು ಸ್ವಾಗತಿಸಿದಳು. ಲಕ್ಷ್ಮಕ್ಕ ನೇಮಕಲ್ಲು ಆಂಜನೇಯನ ಎದುರು ನಿಂತವಳ ಹಾಗೆ ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಮುಗಿದಳು. ಸೋಫೀಪ್ ಬಾಯಿ ಮುಚ್ಚಿಕೊಂಡು ನಕ್ಕಳು. ಅಲ್ಲಿ ಕೈ ಮುಗಿಯುವುದಕ್ಕೂ ಅಳತೆ ಇದೆಯಂತೆ. ಸಮಾನರಿಗೆ ಎದೆಯ ಹತ್ತಿರ, ಹಿರಿಯರಿಗೆ ಬಾಯಿಯ ಹತ್ತಿರ, ತಂದೆತಾಯಿಗೆ ಮೂಗಿನ ಹತ್ತಿರ, ಹಣೆಯ ಮೇಲೆ ಹೋದರೆ ಅದು ದೇವರಿಗೆ ಮಾತ್ರ.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಲಕ್ಷ್ಮಕ್ಕ, "ಅಂಗಾರೆ ಇವ್ಳು ಇವತ್ತಿಂದ ದೇವ್ರೇ ಬಿಡು. ನಂಗೇನು ನಷ್ಟ?" ಎಂದಳು.

ಊಟದ್ದು ಬೇರೆ ಕಷ್ಟ. ಒಣಮೀನಿನ ವಾಸನೆ ಎಲ್ಲದರಲ್ಲೂ ಇತ್ತು, ಸೊಪ್ಪಿನ ಪಲ್ಯದಲ್ಲಿ ಕೂಡ. ಲಕ್ಷ್ಮಕ್ಕ ಚೀಲದಲ್ಲಿ ರಾಗಿಹಿಟ್ಟು ತಂದಿದ್ದಳು. ಅತಿಥಿಗೃಹದ ಅಡಿಗೆಯವಳನ್ನು ಪಕ್ಕಕ್ಕೆ ಸರಿಸಿ ಮುದ್ದೆ ತೊಳಸಿದಳು. ಅಡಿಗೆಯವಳು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ನುಂಗಬೇಕು ಎಂದು ಸನ್ನೆ ಮಾಡಿ ತೋರಿಸಿದರೂ ಅಗಿಯುತ್ತಲೇ ಇದ್ದಳು.

ಬೆಳಗ್ಗೆ ಕಿಟಕಿಯಿಂದ ನೋಡಿದರೆ ರಸ್ತೆ ತುಂಬ ಲಾರಿಗಳು. ಫ್ಯಾಕ್ಟರಿಗೆ ಹೋಗುವ ಹೆಣ್ಣುಮಕ್ಕಳು ತೆರೆದ ಲಾರಿಯಲ್ಲಿ ಒತ್ತಾಗಿ ನಿಂತಿರುತ್ತಾರೆ. ತಲೆಗೆ, ಮುಖಕ್ಕೆ ಚೌಕುಳಿ ವಸ್ತ್ರ ಸುತ್ತಿ ಕಣ್ಣು ಮಾತ್ರ ಬಿಟ್ಟಿರುತ್ತಾರೆ. ನಮ್ಮಲ್ಲಿ ಕಡಲೆಕಾಯಿ ಕೀಳಲು ಹೋಗುವವರು ಟ್ರ್ಯಾಕ್ಟರಿನಲ್ಲಿ ಹೀಗೆ ಹೋಗುತ್ತಾರೆ, ಆದರೆ ಹಾಡುತ್ತಾ ಬೈದಾಡುತ್ತಾ ಹೋಗುತ್ತಾರೆ. ಇಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

"ನಿದ್ದೆ ಕಣಮ್ಮಿ," ಎಂದಳು ಲಕ್ಷ್ಮಕ್ಕ. "ನಿಂತ್ಕಂಡೇ ನಿದ್ದೆ ಮಾಡ್ತಾವೆ. ನಾನೂ ಅಂಗೇ ಮಾಡ್ತಿದ್ದೆ."

ತರಬೇತಿಯ ಹಾಲ್

ಸೋಫೀಪ್ ಒಳ್ಳೆಯ ಮೇಷ್ಟ್ರು. ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ಲಕ್ಷ್ಮಕ್ಕನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದೆ. ಸುಳ್ಳನ್ನು ಖಂಡಿಸುವ ಭರದಲ್ಲಿ ಅದೇ ಸುಳ್ಳನ್ನು ಮತ್ತೆ ಹೇಳಬೇಡಿ. ಬೈದವನಿಗೆ ಬೈಗುಳದಿಂದ ಉತ್ತರಿಸಬೇಡಿ. ಯಾರ ಮೇಲೆ ಮಾತು ಬಂದಿದೆಯೋ ಅವರು ಕ್ಷೇಮವಾಗಿದ್ದಾರೆಯೇ ಎಂದು ಮೊದಲು ನೋಡಿ. ಆಮೇಲೆ, ಈ ಮೆಸೇಜು ಕಳಿಸಿದವನಿಗೆ ಯಾವುದರ ಭಯ ಎಂದು ಕೇಳಿಕೊಳ್ಳಿ.

ಕೊನೆಯ ಮಾತಿಗೆ ಲಕ್ಷ್ಮಕ್ಕ ಒಪ್ಪಲಿಲ್ಲ. "ಬಡಿಯೋಕೆ ಬರೋನ್ಗೆ ಏನಮ್ಮಿ ಭಯ? ಭಯ ಬಡಿಸ್ಕಳೋನ್ಗೆ."

ಇದನ್ನು ನಾನು ಇಂಗ್ಲಿಷಿಗೆ ತಂದಾಗ ಹಾಲಿನಲ್ಲಿ ಎಲ್ಲರೂ ನಕ್ಕರು. ಸೋಫೀಪ್ ನಗಲಿಲ್ಲ. ತಲೆಯಾಡಿಸಿ, ಆ ಮಾತನ್ನು ಹಲಗೆಯ ಮೇಲೆ ಬರೆದಳು.

ಸಾಲು ಕೋಣೆಗಳ ಓಣಿ, ಬೆಳಗ್ಗೆ

ಮೂರನೆಯ ದಿನ ನಮ್ಮನ್ನು ಕೆಲಸಗಾರರು ಇರುವ ಕಡೆ ಕರೆದುಕೊಂಡು ಹೋದರು. ಒಂದೇ ಗೋಡೆಗೆ ಅಂಟಿಕೊಂಡ ಸಾಲು ಕೋಣೆಗಳು, ಮುಂದೆ ಒಂದೇ ನಲ್ಲಿ, ತಂತಿಯ ಮೇಲೆ ಒಣಗುವ ಬಟ್ಟೆ. ನಮ್ಮೂರಿನ ವಠಾರ ಇದಕ್ಕಿಂತ ಬೇರೆ ಏನಲ್ಲ. ಚರಂಡಿಯಲ್ಲಿ ಹರಿಯುವ ನೀರು ಮಾತ್ರ ನಮ್ಮ ಜೀನ್ಸ್ ತೊಳೆದ ನೀರಿನಂತೆ ನೀಲಿ ಇರಲಿಲ್ಲ.

ಹಗಲಿನಲ್ಲಿ ಅಲ್ಲಿ ಉಳಿಯುವವರು ಮುದುಕಿಯರು ಮತ್ತು ಕೂಸುಗಳು. ತಾಯಂದಿರು ಫ್ಯಾಕ್ಟರಿಯಲ್ಲಿ. ಒಂದು ಬಾಗಿಲ ಮುಂದೆ ಚಾಪೆಯ ಮೇಲೆ ಒಬ್ಬ ಅಜ್ಜಿ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಅಜ್ಜಿಗೆ ಅವರು ಯೇಯ್ ಎನ್ನುತ್ತಾರೆ. ಈ ಯೇಯ್‌ಳ ಬಾಯಿ ಕೆಂಪಾಗಿತ್ತು. ಲಕ್ಷ್ಮಕ್ಕ ಅದನ್ನು ಕಂಡದ್ದೇ ಸೊಂಟದ ಚೀಲ ಬಿಚ್ಚಿದಳು. ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ವೀಳ್ಯದೆಲೆಗಳು ಬಾಡಿ ಕಪ್ಪಾಗಿದ್ದವು. ಯೇಯ್ ತನ್ನ ತಟ್ಟೆಯಿಂದ ಹೊಸ ಎಲೆ ಕೊಟ್ಟಳು, ಲಕ್ಷ್ಮಕ್ಕ ತನ್ನ ಅಡಿಕೆ ಕೊಟ್ಟಳು. ಅವಳದು ಅಲ್ಲಿನ ಖ್ಮೇರ್ ಮಾತು, ಇವಳದು ಕನ್ನಡ. ನಡುವೆ ನನ್ನ ಅಗತ್ಯ ಯಾರಿಗೂ ಇರಲಿಲ್ಲ.

ಕೂಸು ಚೆನ್ನಾಗಿತ್ತು. ಗುಂಡು ಕೆನ್ನೆ, ಹಲ್ಲಿಲ್ಲದ ನಗು. ಲಕ್ಷ್ಮಕ್ಕ, "ಏನ್ ಚಂದ ಐತೆ ನೋಡಮ್ಮಿ ಮಗ, ಬೆಣ್ಣೆ ಮುದ್ದೆ ಇದ್ದಂಗೈತೆ," ಎಂದಳು. ಎಂದವಳೇ ನಾಲಿಗೆ ಕಚ್ಚಿಕೊಂಡಳು. ನಮ್ಮ ಕಡೆ ಹೆಂಗಸು ಪರರ ಕೂಸನ್ನು ಬಾಯಿ ತುಂಬ ಹೊಗಳಿ ಹಾಗೇ ಎದ್ದು ಹೋಗುವುದಿಲ್ಲ. ಹೊಗಳಿದ ಬಾಯಿಯೇ ದೃಷ್ಟಿ ತೆಗೆಯಬೇಕು. ಅವಳು ಚೀಲದಿಂದ ಕಾಡಿಗೆ ಡಬ್ಬಿ ತೆಗೆದಳು. ಹರಳೆಣ್ಣೆ ದೀಪದ ಮಸಿಯಿಂದ ಅವಳೇ ಮಾಡಿಕೊಂಡ ಕಾಡಿಗೆ. ಬೆರಳ ತುದಿಗೆ ತಾಗಿಸಿ ಕೂಸಿನ ಗಲ್ಲದ ಮೇಲೆ ಒಂದು ಬೊಟ್ಟು, ಅಂಗಾಲಿಗೆ ಒಂದು ಬೊಟ್ಟು ಇಟ್ಟಳು. ಮುಖದ ಸುತ್ತ ಕೈ ನಿವಾಳಿಸಿ ತನ್ನ ಕಣತಲೆಗೆ ಒತ್ತಿ ಲಟಲಟ ನೆಟಿಗೆ ಮುರಿದಳು.

ಯೇಯ್ ಮೊದಲು ಬೆಚ್ಚಿದಳು, ಆಮೇಲೆ ನೆಟಿಗೆಯ ಸದ್ದಿಗೆ ನಕ್ಕಳು. ಪಕ್ಕದ ಕೋಣೆಯ ಬಾಗಿಲಲ್ಲಿ ಯಾರೋ ಫೋನು ಎತ್ತಿ ಹಿಡಿದದ್ದು ನನಗೆ ಕಂಡಿತ್ತು. ನಾನು ಆ ಕಡೆ ನೋಡಿ ನಕ್ಕೆ ಕೂಡ.

ಅದೇ ಓಣಿ, ಮಧ್ಯಾಹ್ನ

ಊಟ ಮುಗಿಸಿ ಆ ಪಾಳಿಗೆ ರಜೆ ಇದ್ದ ಕೆಲಸಗಾರರ ಜೊತೆ ಮಾತಾಡಲು ಮತ್ತೆ ಅಲ್ಲಿಗೇ ಹೊರಟೆವು. ಟುಕ್‌ಟುಕ್ಕಿನಲ್ಲಿ ಸೋಫೀಪ್, ಲಕ್ಷ್ಮಕ್ಕ, ನಾನು. ಓಣಿಯ ತಿರುವಿನಲ್ಲಿ ಸೋಫೀಪ್ ಫೋನು ನೋಡಿದಳು. ಫೋನನ್ನು ನನ್ನ ಕಡೆ ತಿರುಗಿಸಿದಳು.

ಫೋಟೋದಲ್ಲಿ ಲಕ್ಷ್ಮಕ್ಕನ ಮುಖ ಪೂರ್ತಿ ಇತ್ತು, ಅವಳ ಬೆರಳು ಕೂಸಿನ ಗಲ್ಲದ ಮೇಲಿತ್ತು. ಅಂಚಿನಲ್ಲಿ ಬಳೆ ಹಾಕಿದ ಒಂದು ಕೈ. ಆ ಕೈ ನನ್ನದು. ಕೆಳಗೆ ಬರೆದದ್ದನ್ನು ಸೋಫೀಪ್ ಪಿಸುಮಾತಿನಲ್ಲಿ ಓದಿ ಹೇಳಿದಳು. ಹೊರದೇಶದ ಹೆಂಗಸರು ಬಂದಿದ್ದಾರೆ, ಕದಿಯಬೇಕಾದ ಮಕ್ಕಳಿಗೆ ಮಸಿಯಲ್ಲಿ ಗುರುತು ಹಾಕುತ್ತಿದ್ದಾರೆ, ಗುರುತಿನ ಮಕ್ಕಳನ್ನು ಆಮೇಲೆ ಬೇರೆಯವರು ಬಂದು ಒಯ್ಯುತ್ತಾರೆ.

"ತಿರುಗಿಸು" ಎಂದು ಅವಳು ಚಾಲಕನಿಗೆ ಹೇಳಿರಬೇಕು. ಅವನು ತಿರುಗಿಸಲು ನೋಡಿದ. ಹಿಂದೆ ಒಂದು ಮೋಟಾರ್‌ಸೈಕಲ್ಲು ಅಡ್ಡ ನಿಂತಿತು, ಅದರ ಹಿಂದೆ ಇನ್ನೊಂದು.

ಜನ ಓಡಿ ಬರಲಿಲ್ಲ. ಸುಮ್ಮನೆ ಕೋಣೆಗಳಿಂದ ಹೊರಗೆ ಬಂದರು, ಒಬ್ಬೊಬ್ಬರಾಗಿ, ಕೈ ಒರೆಸಿಕೊಳ್ಳುತ್ತಾ. ನನಗೆ ಹೆಚ್ಚು ಭಯವಾದದ್ದು ಅದಕ್ಕೇ. ಭಾಷೆ ತಿಳಿಯದ ಊರಿನಲ್ಲಿ ಕೋಪದ ಮಾತಿಗೆ ಕೊನೆ ಎಲ್ಲಿ ಎಂದು ಗೊತ್ತಾಗುವುದಿಲ್ಲ. ಬೈದು ಮುಗಿಸಿದರೋ, ಇನ್ನು ಕೈ ಎತ್ತುತ್ತಾರೋ, ತಿಳಿಯಲು ಅವರ ಭುಜಗಳನ್ನೇ ನೋಡುತ್ತಾ ಕೂತಿದ್ದೆ.

"ಏನಂತೆ ಇವ್ರುದು?" ಎಂದು ಲಕ್ಷ್ಮಕ್ಕ ಕೇಳಿದಳು.

"ಬೊಟ್ಟು ಇಟ್ಟಿದ್ದಕ್ಕ ಅಕ್ಕಾ. ಸುಮ್ನಿರ್ರಿ. ಕೆಳಗ ಇಳೀಬ್ಯಾಡ್ರಿ."

"ಬೊಟ್ಟಿಗೆ?" ಅವಳಿಗೆ ಅರ್ಥವೇ ಆಗಲಿಲ್ಲ. "ಬೊಟ್ ಇಡ್ದಿದ್ರೆ ಬೈಬೇಕು ಕಣಮ್ಮಿ."

ಒಬ್ಬ ಗಂಡಸು ಕೈ ಚಾಚಿ ಅವಳ ಸೊಂಟದ ಚೀಲ ಕಿತ್ತುಕೊಂಡು ನೆಲಕ್ಕೆ ಸುರಿದ. ಕಾಡಿಗೆ ಡಬ್ಬಿ, ಸುಣ್ಣದ ಕಾಯಿ, ಅಡಿಕೆ, ದಾರ ಕತ್ತರಿಸುವ ಪುಟ್ಟ ಕಟ್ಟರ್. ಕಟ್ಟರನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದ. ಅಲ್ಲಿದ್ದ ಪ್ರತಿ ಹೆಂಗಸಿನ ಕೈಯಲ್ಲೂ ದಿನವಿಡೀ ಅಂಥದೇ ಕಟ್ಟರ್ ಇರುತ್ತದೆ. ಆ ಹೊತ್ತು ಯಾರಿಗೂ ಅದು ಕಟ್ಟರ್ ಆಗಿ ಕಾಣಲಿಲ್ಲ. ಗುಂಪು ಒಂದು ಹೆಜ್ಜೆ ಹತ್ತಿರ ಬಂತು.

ಸೋಫೀಪ್ ಟುಕ್‌ಟುಕ್ಕಿನ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಲೇ ಇದ್ದಳು. ಮೂರು ದಿನ ನಮಗೆ ಕಲಿಸಿದ್ದನ್ನೆಲ್ಲ ಹೇಳುತ್ತಿದ್ದಾಳೆ ಎಂದು ಅವಳ ಕೈಗಳಿಂದ ತಿಳಿಯುತ್ತಿತ್ತು. ದನಿ ಏರಿಸಲಿಲ್ಲ, ಬೈಯಲಿಲ್ಲ, ಪ್ರಶ್ನೆ ಕೇಳಿದಳು. ಯಾರೋ ಅವಳ ತೋಳು ಹಿಡಿದು ಎಳೆದರು. ಅವಳು ಜಾರಿದಳು, ಕಂಬಿ ಹಿಡಿದು ನಿಂತಳು. ಮಾತು ನಿಂತಿತು.

ಯೇಯ್ ತನ್ನ ಬಾಗಿಲಲ್ಲೇ ಕೂತಿದ್ದಳು. ಕೂಸು ಅವಳ ಮಡಿಲಲ್ಲಿತ್ತು. ನಾನು ಅವಳನ್ನೇ ನೋಡಿದೆ. ಬೆಳಗ್ಗೆ ನಕ್ಕ ಮುಖ ಅದೇ. ಅವಳು ನೆಲ ನೋಡುತ್ತಿದ್ದಳು. ಹೇಳಮ್ಮ, ಒಂದು ಮಾತು ಹೇಳು ಎಂದು ನಾನು ಮನಸ್ಸಿನಲ್ಲೇ ಕನ್ನಡದಲ್ಲಿ ಬೇಡುತ್ತಿದ್ದೆ.

ಆಗ ತಾಯಿ ಬಂದಳು. ಫ್ಯಾಕ್ಟರಿಯಲ್ಲಿ, ಮಷೀನಿನ ಮುಂದೆ, ಪಕ್ಕದವಳ ಫೋನಿನಲ್ಲಿ ತನ್ನ ಕೂಸಿನ ಫೋಟೋ ನೋಡಿದ್ದಳಂತೆ. ಕೂಸು ಹೋಯಿತು ಎಂದೇ ತಿಳಿದು ಓಡಿ ಬಂದಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ತಲೆವಸ್ತ್ರ ಕುತ್ತಿಗೆಗೆ ಜಾರಿತ್ತು. ಗುಂಪನ್ನು ಸೀಳಿಕೊಂಡು ಹೋಗಿ ಕೂಸನ್ನು ಕಿತ್ತುಕೊಂಡಳು. ಎಂಜಲು ಹಚ್ಚಿ ಗಲ್ಲ ಒರೆಸಿದಳು. ಬೊಟ್ಟು ಹೋಗದೆ ಕೆನ್ನೆ ತುಂಬ ಕಪ್ಪಾಗಿ ಹರಡಿತು. ಕೂಸು ಚೀರಿತು. ಆ ಚೀರಾಟಕ್ಕೆ ಲಕ್ಷ್ಮಕ್ಕ ತನ್ನ ಅಭ್ಯಾಸದಂತೆ, "ಅಯ್ಯೋ ಮೆಲ್ಲಗೆ ತಾಯಿ," ಎಂದು ಕೈ ಚಾಚಿ ಕೆಳಗಿಳಿದೇಬಿಟ್ಟಳು. ನಾಲ್ಕೈದು ಕೈಗಳು ಅವಳ ಸೆರಗು, ಜಡೆ, ರಟ್ಟೆ ಹಿಡಿದವು. ಅವಳ ತಲೆ ಹಿಂದಕ್ಕೆ ಬಾಗಿತು. ನಾನು ಇಳಿಯಲಿಲ್ಲ. ಕಂಬಿ ಹಿಡಿದಿದ್ದ ಕೈ ಬಿಡಲು ಬರಲಿಲ್ಲ.

ಯೇಯ್ ಎದ್ದದ್ದು ಆಗ. ಗೋಡೆ ಹಿಡಿದು ಎದ್ದಳು. ಜೋರಾಗಿ ಏನೂ ಹೇಳಲಿಲ್ಲ. ಒಂದೇ ಮಾತು ಎರಡು ಸಲ ಹೇಳಿದಳು. ತಾಯಿ ತಿರುಗಿ ನೋಡಿದಳು. ಗುಂಪೂ ತಿರುಗಿತು. ಇಷ್ಟು ಹೊತ್ತು ನಮ್ಮ ಮೇಲಿದ್ದ ಬೈಗುಳವೆಲ್ಲ ಆ ಮುದುಕಿಯ ಮೇಲೆ ಬಿತ್ತು. ಅವಳು ಎರಡೂ ಕೈ ಮುಗಿದು, ಮೂಗಿನ ತನಕ ಎತ್ತಿ, ತನ್ನ ಮಗಳ ಮುಂದೆ ನಿಂತಳು. ಅಷ್ಟು ಎತ್ತರದ ನಮಸ್ಕಾರ ಮಕ್ಕಳು ತಾಯಿಗೆ ಮಾಡುವುದು.

ಸೋಫೀಪ್ ಲಕ್ಷ್ಮಕ್ಕನನ್ನು ಎಳೆದು ಒಳಗೆ ಹಾಕಿಕೊಂಡಳು. ಮೋಟಾರ್‌ಸೈಕಲ್ಲುಗಳು ಸರಿದಿದ್ದವು.

ವಾಪಸು ದಾರಿ

ದೊಡ್ಡ ರಸ್ತೆಗೆ ಬಂದ ಮೇಲೆ ನಾನು ಕೇಳಿದೆ, ಯೇಯ್ ಏನು ಹೇಳಿದಳು ಎಂದು.

ಸೋಫೀಪ್ ಕಣ್ಣೊರೆಸಿಕೊಂಡಳು. "ಕೂಸು ನಿದ್ದೆ ಮಾಡುತ್ತಿರಲಿಲ್ಲ, ಅದಕ್ಕೆ ಮಂತ್ರದ ಬೊಟ್ಟು ಇಡು ಎಂದು ನಾನೇ ಆ ಹೆಂಗಸನ್ನು ಬೇಡಿಕೊಂಡೆ ಅಂದಳು."

ಯೇಯ್ ಬೇಡಿಕೊಂಡಿರಲಿಲ್ಲ. ಮಂತ್ರವೂ ಇರಲಿಲ್ಲ. ಸೋಫೀಪಳ ನಿಜ ಮಾತಿಗೆ ಸರಿಯದ ಗುಂಪು ಮುದುಕಿಯ ಸುಳ್ಳಿಗೆ ಸರಿದಿತ್ತು. ಇದನ್ನು ಲಕ್ಷ್ಮಕ್ಕನಿಗೆ ಹೇಗೆ ಹೇಳುವುದೆಂದು ತಿಳಿಯದೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಕಿತ್ತು ಹೋದ ಕುಪ್ಪಸದ ತೋಳಿಗೆ ಪಿನ್ನು ಹಾಕಿಕೊಳ್ಳುತ್ತಿದ್ದಳು.

"ನನ್ ತಪ್ಪಿಗೆ ಆ ಮುದುಕಿ ಮಗಳ ಕೈಲಿ ಅನ್ನಿಸ್ಕಂಡ್ಳು," ಎಂದಳು. ಪಿನ್ನು ಒತ್ತಿ ಮುಚ್ಚಿ, "ಆ ತಾಯಿ ಕಣ್ ನೋಡಿದೇನಮ್ಮಿ? ನಿಮ್ ಮೇಡಮ್ಮು ಯೇಳಿದ್ದು ದಿಟ. ಬಡಿಯೋಕೆ ಬಂದೋರ್ಗೂ ಭಯ ಇರ್ತೈತೆ," ಎಂದಳು.

ಉಳಿದ ದಿನಗಳಲ್ಲಿ ನಾವು ಹಾಲ್ ಬಿಟ್ಟು ಹೊರಗೆ ಹೋಗಲಿಲ್ಲ. ಸೋಫೀಪ್ ಆ ಫೋಟೋ ಅಳಿಸಿಹಾಕಿಸಲು ಓಡಾಡಿದಳು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಇರುತ್ತಿತ್ತು. ಯೇಯ್‌ಗೆ ಏನಾಯಿತು ಎಂದು ಕೇಳಿದಾಗ, ಮಗಳು ಅವಳನ್ನು ಹಳ್ಳಿಗೆ ಕಳಿಸಿದಳು ಎಂದಳು. ಮುಂದೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ರಾಯದುರ್ಗ

ಊರಿಗೆ ಬಂದು ಕೆಲವು ವಾರಗಳಾಗಿದ್ದವು. ಮಧ್ಯಾಹ್ನ ನಮ್ಮ ಮನೆಯ ಜಗುಲಿಯಲ್ಲಿ ಅಮ್ಮ ಮತ್ತು ಓಣಿಯ ಹೆಂಗಸರು ಪ್ಯಾಂಟಿನ ದಾರ ಕತ್ತರಿಸುತ್ತಾ ಕೂತಿದ್ದರು. ಪಕ್ಕದ ಮನೆಯ ಈರಮ್ಮತ್ತೆ ಫೋನನ್ನು ನನ್ನ ಮುಖಕ್ಕೆ ಹಿಡಿದಳು.

"ನೋಡವ ಸುಮಾ. ಮಕ್ಕಳ ಕಳ್ಳಿ ಬಂದಾಳಂತ. ಗಲ್ಲಕ್ಕ ಕರಿ ಬೊಟ್ಟು ಇಟ್ಟು ಹೋಗ್ತಾಳಂತ, ಆಮ್ಯಾಲೆ ಗ್ಯಾಂಗಿನವ್ರು ಬರ್ತಾರಂತ."

ಅದೇ ಫೋಟೋ. ಬರಹ ಈಗ ತೆಲುಗಿನಲ್ಲಿತ್ತು. ಊರಿನ ಹೆಸರು ಬದಲಾಗಿತ್ತು, ನಮ್ಮ ಜಿಲ್ಲೆ ಎಂದಿತ್ತು. ಲಕ್ಷ್ಮಕ್ಕನ ಮುಖದ ಸುತ್ತ ಕೆಂಪು ವೃತ್ತ ಎಳೆದಿದ್ದರು. ಅಂಚಿನ ನನ್ನ ಕೈಯನ್ನು ಕತ್ತರಿಸಿದ್ದರು. ನಾನು ಈರಮ್ಮತ್ತೆಯ ಪಕ್ಕದಲ್ಲೇ ಕೂತೆ.

"ಅತ್ತೀ, ಇಕಿ ಕಳ್ಳಿ ಅಲ್ಲ. ನಮ್ಮ ಲಕ್ಷ್ಮಕ್ಕ. ನನ್ನ ಕೂಡ ಬಂದಿದ್ಲಲ್ಲ, ಆಕಿ. ನಾನ ಮಗ್ಗಲದಾಗ ಇದ್ದೆ. ದೃಷ್ಟಿ ಆಗಬಾರ್ದಂತ ಬೊಟ್ಟು ಇಟ್ಲು."

"ಹೌದೇನು!" ಈರಮ್ಮತ್ತೆ ಫೋನನ್ನು ಹತ್ತಿರ ತಂದು ನೋಡಿದಳು. "ಪಾಪ, ಒಳ್ಳೆಕಿ ಇದ್ದಂಗ ಕಾಣ್ತಾಳ."

"ಅಳಿಸ್ರಿ ಮತ್ತ."

"ಅಳಿಸ್ತೀನಿ ತಗ. ಬೆಳುಗುಪ್ಪದಾಗಿರೋ ನನ್ ಮಗಳಿಗಿ ಆಗ್ಲೆ ಕಳ್ಸಿಬಿಟ್ಟೀನಿ."

"ಆಕಿಗೂ ಹೇಳ್ರಿ, ಸುಳ್ಳಂತ."

"ಹೇಳ್ತೀನವ. ಆದ್ರೂ ಹುಷಾರಿ ಇರೋದು ಚಲೋ ಅಲ್ಲೇನು? ಮನಿಯವ್ರು ಇಟ್ರ ದೃಷ್ಟಿಗಿ. ಹೊರಗಿನವ್ರು ಇಟ್ರ ಯಾತಕ್ಕೋ ಏನೋ."

ಅವಳ ಮಡಿಲಲ್ಲಿ ಮೊಮ್ಮಗ ಮಲಗಿದ್ದ. ಅವನ ಗಲ್ಲದ ಮೇಲೆ, ಹಣೆಯ ಪಕ್ಕದಲ್ಲಿ, ಅಂಗಾಲಿನಲ್ಲಿ ದೊಡ್ಡ ದೊಡ್ಡ ಕರಿ ಬೊಟ್ಟುಗಳಿದ್ದವು.

ಲಕ್ಷ್ಮಕ್ಕನಿಗೆ ಫೋನು ಮಾಡಿದೆ. ಮೆಸೇಜು ಮಡಕಶಿರದ ಕಡೆಗೂ ಹೋಗಿತ್ತು. ಅವಳ ಮಗನ ಫೋನಿಗೇ ಬಂದಿತ್ತು. ಅವಳ ಊರಿನವರು ಅವಳನ್ನು ಬಲ್ಲರು, ನಕ್ಕು ಬಿಟ್ಟರು. ಆದರೆ ಅವಳ ಕೆಲಸ ಗುರುತಿಲ್ಲದ ಹಳ್ಳಿಗಳ ಬಾಗಿಲು ತಟ್ಟುವುದು. ಮುಂದಿನ ವಾರದ ಮೊದಲ ದಿನ ಒಂದು ಹೊಸ ಹಳ್ಳಿಗೆ ಹೊರಡುವವಳಿದ್ದಳು.

"ಬ್ಯಾಡಕ್ಕಾ, ಈಗ ಹೋಗಬ್ಯಾಡ್ರಿ," ಎಂದೆ.

"ಎಷ್ಟ್ ದಿನ ಓಗ್ದಂಗಿರ್ಲಮ್ಮಿ? ಇವತ್ ಅಡಗಿ ಕೂತ್ರೆ ಅವ್ಳೇ ಕಳ್ಳಿ ಅಂತ ನಾನೇ ಒಪ್ಕಂಡಂಗಾಯ್ತದೆ."

"ಹಂಗಾದ್ರ ನಾನೂ ಬರ್ತೀನಿ."

ಅಗಳಿಯ ಆಚೆ

ಅಗಳಿಯಲ್ಲಿ ಬಸ್ಸಿಳಿದು ಆಟೋ ಹತ್ತಿದೆವು. ಆಟೋದಲ್ಲಿ ಎದುರು ಕೂತ ಹೆಂಗಸಿನ ತೊಡೆಯ ಮೇಲೆ ಒಂದು ಕೂಸಿತ್ತು. ಲಕ್ಷ್ಮಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಹೊರಗೆ ನೋಡುತ್ತಾ ಕೂತಳು. ಕೂಸು ಅವಳ ಬಳೆಗೆ ಕೈ ಚಾಚಿದರೂ ತಿರುಗಲಿಲ್ಲ. ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು.

ಹಳ್ಳಿಯ ಮೊದಲ ಮನೆಯ ಮುಂದೆ ಒಬ್ಬ ಚಿಕ್ಕ ಪ್ರಾಯದ ಹೆಂಗಸು ಹುಣಸೆಹಣ್ಣು ಬಡಿಯುತ್ತಿದ್ದಳು. ನಮ್ಮನ್ನು ಕಂಡು ಎದ್ದಳು. ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಲಕ್ಷ್ಮಕ್ಕನ ಮುಖವನ್ನು ನೋಡಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಯಾವೂರಮ್ಮ ನಿಮ್ದು?"

ಲಕ್ಷ್ಮಕ್ಕ ಊರು ಹೇಳಿದಳು, ಹೊಲಿಗೆ ಕಲಿಸುವ ವಿಷಯ ಹೇಳಿದಳು. ಹೆಂಗಸು ಕೇಳುತ್ತಲೇ ಒಂದು ಕೈಯಲ್ಲಿ ಫೋನು ತೆಗೆದಳು. ಪಕ್ಕದ ಮನೆಗಳ ಬಾಗಿಲುಗಳಲ್ಲಿ ಒಬ್ಬಿಬ್ಬರು ಬಂದು ನಿಂತರು, ಕೈ ಒರೆಸಿಕೊಳ್ಳುತ್ತಾ. ಆಟೋ ಹೊರಟು ಹೋಗಿತ್ತು.

"ಒಂದ್ ಫೋಟ ತಗಂತೀನಿ," ಎಂದಳು ಹೆಂಗಸು. "ನಮ್ ಸಂಗದ ಗ್ರೂಪಿಗೆ ಆಕಿ ಕೇಳ್ತೀನಿ, ಯಾರು ಏನು ಅಂತ."

ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಲಕ್ಷ್ಮಕ್ಕ ನನ್ನ ಮಣಿಕಟ್ಟು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು. ಅವಳ ಅಂಗೈ ತಣ್ಣಗಿತ್ತು, ಬೆವತಿತ್ತು. ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿದಳು.

"ತೆಗಿ ತಾಯಿ. ಇಬ್ರುನ್ನೂ ಸೇರ್ಸಿ ತೆಗಿ. ಬರೀ ಮಕ ಆಕ್ಬೇಡ, ಕೆಳಗೆ ನನ್ನೆಸ್ರು ಬರಿ, ನಮ್ಮೂರೆಸ್ರು ಬರಿ, ನನ್ ಫೋನ್ ನಂಬರ್ರೂ ಯೇಳ್ತೀನಿ ಬರ್ಕ. ಯಾರಿಗ್ ಬೇಕಾರೂ ಕಳ್ಸು."

ಹೆಂಗಸು ಫೋನು ಎತ್ತಿದಳು. ನಾನು ನೇರ ನೋಡಿದೆ.